ಬೀಜ ಕಟ್ಟದ ಹೂವಿಗೆ ಗೆಡ್ಡೆಯೇ ಗತಿ: ಅಂಗಳದಲ್ಲಿ ಡಬಲ್ ಸುಗಂಧರಾಜ

ಚಿತ್ರದುರ್ಗದಲ್ಲಿರುವ ನನ್ನ ನಾದಿನಿ ಮೂರು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ ಪಿಯೋನಿ ಗಿಡದ ಗೆಡ್ಡೆ ತರಿಸಿದಳು. ಫೋಟೊದಲ್ಲಿ ಊಟದ ಬಟ್ಟಲಿನಷ್ಟು ದೊಡ್ಡ ಹೂ, ಲೆಕ್ಕ ಸಿಗದಷ್ಟು ಎಸಳು, ತಿಳಿ ಗುಲಾಬಿ ಬಣ್ಣ. ಪೆಟ್ಟಿಗೆಯಲ್ಲಿ ಬಂದದ್ದು ಒಣಗಿದ ಗೆಣಸಿನಂಥ ಎರಡು ಬೇರಿನ ತುಂಡು. ನೆಟ್ಟಳು, ನೀರು ಹಾಕಿದಳು. ನಾಲ್ಕು ಎಲೆ ಬಂತು. ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದಂತೆ ಅದೂ ಸುಟ್ಟುಹೋಯಿತು. ಮಾರಿದವರಿಗೆ ಫೋನ್ ಮಾಡಿದರೆ ‘ನೀರು ಜಾಸ್ತಿ ಹಾಕಿದ್ದೀರಿ’ ಎಂದರಂತೆ!

ನೀರಿನ ತಪ್ಪಲ್ಲ ಅದು. ಪಿಯೋನಿಗೆ ಚಳಿಗಾಲದ ನಿದ್ದೆ ಬೇಕು. 7 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಸುಮಾರು 500ರಿಂದ 1000 ಗಂಟೆ ಕಳೆದರೆ ಮಾತ್ರ ಅದರ ಬೇರಿನ ಮೇಲಿರುವ ಕೆಂಪು ಕಣ್ಣುಗಳು ಹೂವಾಗಿ ಏಳುತ್ತವೆ. ನಮ್ಮಲ್ಲಿ ಮಾಗಿ ಚಳಿಯ ರಾತ್ರಿಯೂ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಚೀನಾ, ಯುರೋಪಿನ ತಂಪು ಸೀಮೆಯಲ್ಲಿ ಐವತ್ತು ವರ್ಷ ಒಂದೇ ಜಾಗದಲ್ಲಿ ಹೂ ಬಿಡುವ ಗಿಡ ಇಲ್ಲಿ ಒಂದು ಬೇಸಿಗೆಯನ್ನೂ ದಾಟುವುದಿಲ್ಲ. ಫ್ರಿಜ್‌ನಲ್ಲಿಟ್ಟು ಚಳಿ ಕೊಡುತ್ತೇವೆ ಎನ್ನುವವರೂ ಇದ್ದಾರೆ. ಚಳಿ ಕೊಡಬಹುದು, ಏಪ್ರಿಲ್ ಬಿಸಿಲಿಗೆ ಏನು ಮಾಡುವುದು?

‘ಹಂಗಾದ್ರೆ ಅಂಥಾ ತುಂಬು ಹೂ ನಮಗೆ ಇಲ್ಲವೇ ಇಲ್ವಾ ಅತ್ತಿಗೆ?’ ಅಂತ ಅವಳು ಕೇಳಿದಳು. ಇದೆ. ನನ್ನ ದಾವಣಗೆರೆ ಮನೆಯ ಹಿಂದಿನ ಪಾತಿಯಿಂದ ಹತ್ತು ಗೆಡ್ಡೆ ಕಿತ್ತು, ಒಂದು ಚೀಲದಲ್ಲಿ ಹಾಕಿ ಕೊಟ್ಟು ಕಳಿಸಿದೆ. ಡಬಲ್ ಸುಗಂಧರಾಜ. ಗಾತ್ರದಲ್ಲಿ ಪಿಯೋನಿಗೆ ಸಾಟಿ ಅಲ್ಲ, ಒಪ್ಪುತ್ತೇನೆ. ಆದರೆ ಸಂಜೆ ಏಳರ ಮೇಲೆ ಅದರ ವಾಸನೆಗೆ ಸಾಟಿ ಯಾವುದೂ ಇಲ್ಲ.

ಡಬಲ್ ಅಂದರೆ ಏನು?

ಏಳು ಸುತ್ತಿನ ಕೋಟೆ ಇರುವ ಊರಿನವರಿಗೆ ಸುತ್ತಿನ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಸಾದಾ ಸುಗಂಧರಾಜದಲ್ಲಿ ಎಸಳು ಒಂದೇ ಸುತ್ತು. ಎರಡು ಮೂರು ಸುತ್ತು ಇದ್ದರೆ ಅರೆ ಡಬಲ್. ಅದಕ್ಕಿಂತ ಜಾಸ್ತಿ ಇದ್ದರೆ ಪೂರ್ತಿ ಡಬಲ್. ಮಾರುಕಟ್ಟೆಯಲ್ಲಿ ಹಾರಕ್ಕೆ ಪೋಣಿಸುವುದು ಸಾದಾ ಹೂವನ್ನು. ಕಡ್ಡಿಸಮೇತ ಹೂದಾನಿಗೆ, ಮದುವೆಯ ವೇದಿಕೆಗೆ ಹೋಗುವುದು ಡಬಲ್.

ಹೆಚ್ಚಿನ ಎಸಳು ಎಲ್ಲಿಂದ ಬಂತು? ಡಬಲ್ ಹೂಗಳಲ್ಲಿ ಸಾಮಾನ್ಯವಾಗಿ ಕೇಸರಗಳೇ ಎಸಳಾಗಿ ಬದಲಾಗಿರುತ್ತವೆ. ಡಬಲ್ ಪಿಯೋನಿಯದ್ದೂ ಇದೇ ಕತೆ. ಅಂದ ಹೆಚ್ಚಿತು, ಬೀಜ ಕಟ್ಟುವ ಶಕ್ತಿ ಹೋಯಿತು. ಆದ್ದರಿಂದ ‘ಡಬಲ್ ಸುಗಂಧರಾಜದ ಬೀಜ’ ಎಂದು ಪೊಟ್ಟಣ ಮಾರುವವರು ಸಿಕ್ಕರೆ ಸುಮ್ನೆ ಮುಂದೆ ಹೋಗಿ. ಈ ಹೂ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವುದು ಗೆಡ್ಡೆಯಾಗಿ ಮಾತ್ರ.

ಇದರ ತವರು ಮೆಕ್ಸಿಕೊ. ಅಲ್ಲಿನ ಹಳೆಯ ನಾವಾಟ್ಲ್ ಭಾಷೆಯಲ್ಲಿ ಇದಕ್ಕೆ ‘ಮೂಳೆ ಹೂ’ ಎಂಬ ಅರ್ಥದ ಹೆಸರಿದೆ. ಬಣ್ಣ ನೋಡಿ ಇಟ್ಟಿರಬೇಕು. ನಮ್ಮವರು ವಾಸನೆ ಹಿಡಿದು ಹೆಸರಿಟ್ಟರು, ನಮ್ಮದೇ ಚೆಂದ ಅಲ್ವಾ? ಬೆಂಗಳೂರು ಹತ್ತಿರದ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಡಬಲ್‌ನಲ್ಲಿ ‘ಸುವಾಸಿನಿ’, ಅರೆ ಡಬಲ್‌ನಲ್ಲಿ ‘ವೈಭವ’ ತಳಿಗಳನ್ನು ಕೊಟ್ಟಿದೆ. ಸುವಾಸಿನಿಯ ಮೊಗ್ಗಿನ ತುದಿಗೆ ಗುಲಾಬಿ ಛಾಯೆ, ವೈಭವದ ಮೊಗ್ಗಿಗೆ ಹಸಿರು ಛಾಯೆ. ಮನೆಗೆ ಸುವಾಸಿನಿ ಸಿಕ್ಕರೆ ಬೇರೆ ಹುಡುಕಬೇಡಿ.

ಗೆಡ್ಡೆ ಆರಿಸುವುದು

ಗೆಡ್ಡೆಯ ದಪ್ಪವೇ ಹೂವಿನ ಭವಿಷ್ಯ. ಚನ್ನಗಿರಿ ಕಡೆಯವರಿಗೆ ಅರ್ಥವಾಗುವಂತೆ ಹೇಳುವುದಾದರೆ, ಸುಲಿದ ಅಡಿಕೆಯಷ್ಟು ದಪ್ಪ ಇದ್ದರೆ ಅದೇ ವರ್ಷ ಹೂ. ಅಂದರೆ ಅಡ್ಡಳತೆ 2 ಸೆಂಟಿಮೀಟರ್‌ಗೆ ಕಡಿಮೆ ಇರಬಾರದು. ಕಡಲೆಬೀಜದಷ್ಟು ಸಣ್ಣದಾದರೆ ಎಲೆ ಮಾತ್ರ ಬರುತ್ತದೆ, ಒಂದು ವರ್ಷ ಕಾಯಬೇಕು. ಒತ್ತಿದರೆ ಗಟ್ಟಿ ಇರಬೇಕು. ಮೆತ್ತಗಿದ್ದರೆ, ಬುಡದಲ್ಲಿ ಬಿಳಿ ಹಿಟ್ಟಿನಂಥ ತಿಗಣೆ ಕಂಡರೆ ಬೇಡ.

ಇನ್ನೊಂದು ಮಾತು. ಆಗಷ್ಟೇ ಕಿತ್ತ ಗೆಡ್ಡೆ ನೆಟ್ಟರೆ ಮೊಳಕೆ ಹಿಂದೆ ಮುಂದೆ ಆಗಿ ಬರುತ್ತದೆ. ನಾಲ್ಕರಿಂದ ಆರು ವಾರ ನೆರಳಿನಲ್ಲಿ ವಿಶ್ರಾಂತಿ ಪಡೆದ ಗೆಡ್ಡೆ ಒಟ್ಟಿಗೇ ಏಳುತ್ತದೆ. ಕೊಳ್ಳುವಾಗ ಯಾವಾಗ ಕಿತ್ತದ್ದು ಎಂದು ಕೇಳಿ.

ಎರೆಮಣ್ಣು, ಕೆಂಪುಮಣ್ಣು

ಇಲ್ಲಿ ಸ್ವಲ್ಪ ನಿಲ್ಲೋಣ. ನಾನು ಮೊದಲು ಸೋತದ್ದು ಇಲ್ಲಿಯೇ.

ನಮ್ಮ ಹಿತ್ತಲಿನದ್ದು ಎರೆಮಣ್ಣು. ಒಣಗಿದರೆ ಬೆರಳು ತೂರುವಷ್ಟು ಬಿರುಕು, ನೆನೆದರೆ ಚಪ್ಪಲಿ ಕಿತ್ತುಕೊಳ್ಳುವ ಜಿಗುಟು. ಮೊದಲ ಸಲ ನೆಲದ ಮಟ್ಟಕ್ಕೇ ಪಾತಿ ಮಾಡಿ ಇಪ್ಪತ್ತು ಗೆಡ್ಡೆ ನೆಟ್ಟೆ. ಮುಂಗಾರಿನ ಎರಡು ದೊಡ್ಡ ಮಳೆಗೆ ಹನ್ನೊಂದು ಕೊಳೆತವು. ಆಮೇಲೆ ಬುದ್ಧಿ ಬಂತು. ಈಗ ನೆಲದಿಂದ ಒಂದು ಗೇಣು ಎತ್ತರಕ್ಕೆ ಏರುಮಡಿ ಹಾಕುತ್ತೇನೆ. ಎರಡು ಪಾಲು ಎರೆಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ. ಮರಳು ಹೆಸರಿಗಷ್ಟೇ ಹಾಕಿದರೆ ಪ್ರಯೋಜನವಿಲ್ಲ, ಧಾರಾಳವಾಗಿ ಹಾಕಿ. ಎರೆಮಣ್ಣನ್ನು ಸಡಿಲ ಮಾಡುವ ನಿಜವಾದ ಕೆಲಸ ಮಾತ್ರ ಗೊಬ್ಬರದ್ದು.

ನಾದಿನಿಯ ಮನೆಯದ್ದು ಕಲ್ಲು ಬೆರೆತ ಕೆಂಪುಮಣ್ಣು. ಅಲ್ಲಿ ಕಷ್ಟ ಉಲ್ಟಾ. ಹಾಕಿದ ನೀರು ನಿಲ್ಲುವುದೇ ಇಲ್ಲ. ಅವಳಿಗೆ ಏರುಮಡಿ ಬೇಡ, ಮರಳೂ ಬೇಡ. ಒಂದು ಚದರ ಮೀಟರ್‌ಗೆ ನಾಲ್ಕೈದು ಕಿಲೊ ಗೊಬ್ಬರ ಬೆರೆಸಿ, ಮೇಲೆ ಭತ್ತದ ಹುಲ್ಲು ಹೊದಿಸಿದರೆ ಸಾಕು. ಹುಲ್ಲನ್ನು ಗಿಡದ ಬುಡಕ್ಕೆ ತಾಗಿಸಬಾರದು.

ಎರಡೂ ಮಣ್ಣಿಗೆ ಬೇವಿನ ಹಿಂಡಿ ಬೇಕೇ ಬೇಕು, ಚದರ ಮೀಟರ್‌ಗೆ ಎರಡು ಹಿಡಿ. ಬೇರಿನಲ್ಲಿ ಗಂಟು ಕಟ್ಟುವ ಜಂತುಹುಳುವನ್ನು ತಡೆಯಲು ಇದು ಸಹಾಯ ಮಾಡುತ್ತದೆ. ಹಿಂದಿನ ವರ್ಷ ಅದೇ ಮಡಿಯಲ್ಲಿ ಟೊಮೆಟೊ, ಬದನೆ ಬೆಳೆದಿದ್ದರೆ ಈ ಹುಳು ಇರುವ ಸಾಧ್ಯತೆ ಜಾಸ್ತಿ. ಅಂಥ ಜಾಗದಲ್ಲಿ ಮೊದಲು ಒಂದು ಬೆಳೆ ಚೆಂಡುಹೂ ತೆಗೆಯಿರಿ. ಚಳ್ಳಕೆರೆಯ ಎಣ್ಣೆ ಗಾಣಗಳ ಕಡಲೆಕಾಯಿ ಹಿಂಡಿ ಸುಲಭವಾಗಿ ಸಿಗುತ್ತದೆ, ಒಳ್ಳೆಯ ಗೊಬ್ಬರವೂ ಹೌದು. ಆದರೆ ಹಸಿಯಾಗಿ ಹಾಕಿದರೆ ಊರಿನ ಇರುವೆಯೆಲ್ಲ ನಿಮ್ಮ ಪಾತಿಯಲ್ಲಿರುತ್ತವೆ.

ನೆಡುವುದು

ಯುಗಾದಿ ಹಿಂದೆ ಮುಂದೆ ನೆಡಲು ಒಳ್ಳೆಯ ಕಾಲ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳುವ ಜಾಗ ಇರಲಿ. ತೆಂಗಿನ ನೆರಳಿನಲ್ಲಿ ಗಿಡ ಬದುಕುತ್ತದೆ, ಹೂ ಬಿಡುವುದಿಲ್ಲ.

ಗೆಡ್ಡೆಯ ಮೊನೆ ಮೇಲೆ, ಚಪ್ಪಟೆ ಬುಡ ಕೆಳಗೆ. ಕೆಂಪುಮಣ್ಣಿನಲ್ಲಿ ಮೊನೆಯ ಮೇಲೆ ಎರಡು ಬೆರಳು ಮಣ್ಣು ಬರಲಿ. ಎರೆಮಣ್ಣಿನಲ್ಲಿ ಒಂದೇ ಬೆರಳು ಸಾಕು. ಗೆಡ್ಡೆಯಿಂದ ಗೆಡ್ಡೆಗೆ ಒಂದು ಗೇಣು ಅಂತರ. ಕುಂಡವಾದರೆ 12 ಇಂಚಿನದರಲ್ಲಿ ಮೂರು ಗೆಡ್ಡೆ, ನಾಲ್ಕನೆಯದನ್ನು ತುರುಕಬೇಡಿ.

ನೆಟ್ಟ ದಿನ ಒಮ್ಮೆ ಚೆನ್ನಾಗಿ ನೀರು ಕೊಡಿ. ಆಮೇಲೆ ಮೊಳಕೆ ಕಾಣುವವರೆಗೆ ಕೈ ಕಟ್ಟಿ ಕೂರಬೇಕು. ಕಷ್ಟ ಇರುವುದು ಇಲ್ಲಿಯೇ. ಬೇಸಿಗೆ, ಮಣ್ಣು ಒಣಗಿದಂತೆ ಕಾಣುತ್ತದೆ, ಕೈ ತಾನಾಗಿ ಪೈಪಿನ ಕಡೆ ಹೋಗುತ್ತದೆ. ಎಲೆ ಇಲ್ಲದ ಗೆಡ್ಡೆಗೆ ನೀರು ಕುಡಿಯಲು ಬರುವುದಿಲ್ಲ, ಕೊಳೆಯಲು ಮಾತ್ರ ಬರುತ್ತದೆ. ಮಣ್ಣು ತೀರಾ ಬಿರುಕು ಬಿಟ್ಟರೆ ಮೇಲೆ ಚಿಮುಕಿಸಿ. ಎರಡರಿಂದ ನಾಲ್ಕು ವಾರದಲ್ಲಿ ಹಸಿರು ಮೊನೆ ಕಾಣುತ್ತದೆ.

ಎಲೆಯಿಂದ ಹೂವಿನ ತನಕ

ಎಲೆ ಬಂದ ಮೇಲೆ ಬೇಸಿಗೆಯಲ್ಲಿ ಐದಾರು ದಿನಕ್ಕೊಮ್ಮೆ ನೀರು, ಮಳೆ ಹಿಡಿದ ಮೇಲೆ ನೋಡಿಕೊಂಡು. ತಿಂಗಳ ಗಿಡಕ್ಕೆ ಒಮ್ಮೆ, ಹೂಕಡ್ಡಿ ಇಣುಕುವಾಗ ಇನ್ನೊಮ್ಮೆ 17:17:17 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಇರುವಂಥದ್ದು), ಚದರ ಮೀಟರ್‌ಗೆ 20ರಿಂದ 25 ಗ್ರಾಂ. ಯೂರಿಯಾ ಸುರಿಯಬೇಡಿ. ಒಂದು ವರ್ಷ ನಾನು ಸುರಿದೆ. ನಾದಿನಿ ಬಂದು ನೋಡಿ ‘ಏನ್ ಅತ್ತಿಗೆ, ಎಮ್ಮೆಗೆ ಮೇವು ಬೆಳೆಸಿದ್ದೀರಾ?’ ಅಂದಳು.

ನೆಟ್ಟು 80ರಿಂದ 100 ದಿನಕ್ಕೆ ಹೂಕಡ್ಡಿ ಬರುತ್ತದೆ. ಯುಗಾದಿಗೆ ನೆಟ್ಟರೆ ಆಷಾಢ, ಶ್ರಾವಣಕ್ಕೆ ಹೂ. ಆಷಾಢದ ಗಾಳಿ ಗೊತ್ತಲ್ಲ? ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗಿಸುವ ಗಾಳಿ ಅದು. ಡಬಲ್ ಹೂವಿನ ಕಡ್ಡಿಗೆ ತಲೆಭಾರ ಬೇರೆ. ಕಡ್ಡಿ ಮೊಣಕಾಲೆತ್ತರ ಬಂದಾಗಲೇ ಬಿದಿರಿನ ಆಸರೆ ಕೊಟ್ಟು ಸಡಿಲವಾಗಿ ಕಟ್ಟಿ.

ಮೊಗ್ಗು ದಪ್ಪವಾಗಿ ಅರಳದೆ ಕಂದಿ ಉದುರುವುದು ಡಬಲ್‌ನ ಹಳೇ ರೋಗ. ಇಷ್ಟು ಎಸಳು ಬಿಚ್ಚಲು ನೀರು ಬೇಕು. ಮೊಗ್ಗಿನ ಕಾಲದಲ್ಲಿ ಒಂದು ವಾರ ನೀರು ತಪ್ಪಿದರೂ ಅದು ಮುನಿಸಿಕೊಳ್ಳುತ್ತದೆ. ಎಸಳಿನ ಅಂಚು ಕಂದು ಬಣ್ಣವಾಗಿ ಸುರುಟಿದ್ದರೆ ಥ್ರಿಪ್ಸ್ ಬಂದಿದೆ ಎಂದು ತಿಳಿಯಿರಿ. ಒಂದು ಮೊಗ್ಗನ್ನು ಬಿಳಿ ಕಾಗದದ ಮೇಲೆ ತಟ್ಟಿದರೆ ಕೂದಲಿನ ತುಂಡಿನಂಥ ಹುಳು ಓಡುವುದು ಕಾಣುತ್ತದೆ. ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಸ್ವಲ್ಪ ಸೋಪಿನ ನೀರು ಬೆರೆಸಿ ಸಂಜೆ ಸಿಂಪಡಿಸಿ.

ಮಳೆಗಾಲದಲ್ಲಿ ಬುಡದ ಸುತ್ತ ಬಿಳಿ ನೂಲು, ಅದರಲ್ಲಿ ಸಾಸಿವೆ ಕಾಳಿನಂಥ ಕಂದು ಉಂಡೆ ಕಂಡರೆ ಅದು ಬುಡಕೊಳೆ. ಆ ಗಿಡವನ್ನು ಮಣ್ಣುಸಮೇತ ಎತ್ತಿ ದೂರ ಹಾಕಿ. ಗೊಬ್ಬರದ ಗುಂಡಿಗೆ ಹಾಕಬೇಡಿ, ಮುಂದಿನ ವರ್ಷ ಅಲ್ಲಿಂದಲೇ ವಾಪಸ್ ಬರುತ್ತದೆ. ಮಡಿ ಸಿದ್ಧ ಮಾಡುವಾಗಲೇ ಗೊಬ್ಬರಕ್ಕೆ ಟ್ರೈಕೊಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಬೆರೆಸಿದ್ದರೆ ಈ ಕಾಟ ಕಡಿಮೆ.

ಹೂದಾನಿಗೆ ಬೇಕಾದರೆ ಕೆಳಗಿನ ಎರಡು ಮೂರು ಹೂ ಅರಳಿದಾಗ, ಬೆಳಗಿನ ತಂಪಿನಲ್ಲಿ ಕಡ್ಡಿ ಕತ್ತರಿಸಿ. ಮಿಕ್ಕವು ಒಳಗೆ ಅರಳುತ್ತವೆ. ದಿನಾ ನೀರು ಬದಲಿಸಿ, ಕಡ್ಡಿಯ ತುದಿಯನ್ನು ಚೂರು ಕತ್ತರಿಸುತ್ತಿರಿ.

ಬಿಡಿಸುವುದು

ಪಿಯೋನಿಯನ್ನು ಕದಲಿಸಬಾರದು, ಕದಲಿಸಿದರೆ ವರ್ಷಗಟ್ಟಲೆ ಹೂ ನಿಲ್ಲಿಸುತ್ತದೆ. ಸುಗಂಧರಾಜ ಹಾಗಲ್ಲ, ಕೀಳದಿದ್ದರೇ ಸಿಟ್ಟು. ಒಂದು ಗೆಡ್ಡೆ ಹೂ ಬಿಡುವುದು ಒಂದೇ ಸಲ. ಅದರ ಬೆಳೆಯುವ ಮೊನೆಯೇ ಹೂಕಡ್ಡಿಯಾಗಿ ಮುಗಿದುಹೋಗಿರುತ್ತದೆ. ಮುಂದಿನ ಹೂವು ಪಕ್ಕದ ಮರಿಗಳದ್ದು. ಎರಡು ಮೂರು ವರ್ಷದಲ್ಲಿ ಮರಿಗಳು ಗುಂಪುಗಟ್ಟಿ, ಜಾಗ ಸಾಲದೆ, ಕಡ್ಡಿ ಗಿಡ್ಡವಾಗುತ್ತದೆ. ಆಗ ಬಿಡಿಸಲೇಬೇಕು.

ಡಿಸೆಂಬರ್ ಹೊತ್ತಿಗೆ ಎಲೆ ಹಳದಿಯಾಗುತ್ತದೆ. ನೀರು ನಿಲ್ಲಿಸಿ. ಮೂರು ನಾಲ್ಕು ವಾರ ಬಿಟ್ಟು ಗುಂಪಿನಿಂದ ಒಂದು ಗೇಣು ದೂರ ಸಲಿಕೆ ಇಳಿಸಿ, ಇಡೀ ಮುದ್ದೆಯನ್ನು ಮೇಲೆತ್ತಿ. ಮಣ್ಣು ಕೊಡವಿ, ತೊಳೆಯಬೇಡಿ. ಮರಿಗಳನ್ನು ಕೈಯಿಂದಲೇ ತಿರುಚಿ ಬಿಡಿಸಿ. ಹೂಕಡ್ಡಿಯ ಮೋಟು ಉಳಿದ ಮುದಿ ಗೆಡ್ಡೆಯನ್ನು ಬಿಸಾಡಿ. ಅಡಿಕೆ ಗಾತ್ರದ್ದು ಒಂದು ಗುಡ್ಡೆ, ಕಡಲೆಬೀಜ ಗಾತ್ರದ್ದು ಇನ್ನೊಂದು. ಸಣ್ಣವನ್ನು ಬೇರೆ ಮಡಿಯಲ್ಲಿ ಹತ್ತಿರ ಹತ್ತಿರ ನೆಟ್ಟು ಒಂದು ವರ್ಷ ಸಾಕಿದರೆ ಅವೂ ಹೂವಿಗೆ ಬರುತ್ತವೆ.

ಅಪರೂಪದ ತಳಿಯ ಒಂದೇ ದಪ್ಪ ಗೆಡ್ಡೆ ಇದ್ದರೆ ಚಾಕುವಿನಿಂದ ಉದ್ದಕ್ಕೆ ಎರಡು ಮೂರು ಹೋಳು ಮಾಡಬಹುದು. ಪ್ರತಿ ಹೋಳಿನಲ್ಲೂ ಬೇರು ಹುಟ್ಟುವ ಬುಡದ ಬಿಲ್ಲೆಯ ತುಂಡು ಇರಲೇಬೇಕು. ಗಾಯ ಒಣಗಲು ಎರಡು ದಿನ ಬಿಟ್ಟು ನೆಡಿ. ಹೂವಿಗೆ ತಡವಾಗುತ್ತದೆ. ಸುಮ್ಮನೆ ಆಸೆಗೆ ಬಿದ್ದು ಇರುವ ಗೆಡ್ಡೆಯನ್ನೆಲ್ಲ ಕೊಯ್ಯಬೇಡಿ.

ವಿಂಗಡಿಸಿದ ಗೆಡ್ಡೆಗಳನ್ನು ಈರುಳ್ಳಿ ಬರುವ ಜಾಲಿ ಚೀಲದಲ್ಲಿ ಹಾಕಿ, ಗಾಳಿಯಾಡುವ ನೆರಳಿನಲ್ಲಿ ತೂಗುಹಾಕಿ. ವಾರಕ್ಕೊಮ್ಮೆ ಅಲುಗಾಡಿಸಿ, ಕೊಳೆತದ್ದನ್ನು ತೆಗೆಯಿರಿ. ಚೀಲಕ್ಕೆ ಹೆಸರು ಕಟ್ಟುವುದನ್ನು ಮರೆಯಬೇಡಿ. ಸಾದಾ ಗೆಡ್ಡೆ ಯಾವುದು, ಡಬಲ್ ಯಾವುದು ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ನಾನು ಕಟ್ಟಿದ್ದ ಕಾಗದದ ಚೀಟಿಯನ್ನು ಒಂದು ವರ್ಷ ಇಲಿ ತಿಂದುಹಾಕಿತು. ನಾದಿನಿಗೆ ಡಬಲ್ ಎಂದು ಕೊಟ್ಟದ್ದರಲ್ಲಿ ಅರ್ಧ ಸಾದಾ ಹೂ ಬಿಟ್ಟವು. ಈಗ ತಗಡಿನ ಚೂರಿನ ಮೇಲೆ ಮೊಳೆಯಿಂದ ಗೀಚಿ ಕಟ್ಟುತ್ತೇನೆ.