ಕಾಯುವವರ ಪಟ್ಟಿಯಲ್ಲಿದ್ದುಕೊಂಡು ಪ್ರಾರ್ಥಿಸುವುದು

ನಮ್ಮ ಮನೆಯವರ ಎರಡೂ ಮೂತ್ರಪಿಂಡಗಳು ಕೈಕೊಟ್ಟು ಕೆಲವು ವರ್ಷಗಳಾದವು. ವಾರಕ್ಕೆ ಮೂರು ದಿನ, ಪ್ರತಿ ಸಲವೂ ನಾಲ್ಕು ಗಂಟೆ ಡಯಾಲಿಸಿಸ್. ನನ್ನದೊಂದನ್ನು ಕೊಡೋಣವೆಂದರೆ ನನಗೆ ಸಕ್ಕರೆ ಕಾಯಿಲೆ, ವೈದ್ಯರು ಒಪ್ಪಲಿಲ್ಲ. ಹಾಗಾಗಿ ಅವರ ಹೆಸರು ಜೀವಸಾರ್ಥಕತೆಯ ಪಟ್ಟಿಯಲ್ಲಿದೆ. ಮಿದುಳು ನಿಷ್ಕ್ರಿಯಗೊಂಡವರ ಅಂಗಾಂಗಗಳು ಯಾರಿಗೆ ಸೇರಬೇಕೆಂಬ ಸರದಿಯನ್ನು ನಮ್ಮ ರಾಜ್ಯದಲ್ಲಿ ನೋಡಿಕೊಳ್ಳುವ ಸಂಸ್ಥೆ ಅದು. ಅವರ ರಕ್ತ ಓ ಗುಂಪಿನದು. ದಾನಿಯೂ ಓ ಗುಂಪಿನವರೇ ಆಗಬೇಕು, ಆದ್ದರಿಂದ ಕಾಯುವುದೂ ಹೆಚ್ಚು.

ನಾವು ಹುಬ್ಬಳ್ಳಿಯವರು, ಬಾಸೆಲ್ ಮಿಶನ್ ಕಾಲದಿಂದ ಬಂದ ಕ್ರೈಸ್ತ ಮನೆತನ. ಆ ಮಿಶನರಿಗಳು 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದರು. ಇಷ್ಟು ತಲೆಮಾರುಗಳ ವಿಶ್ವಾಸ ಬೆನ್ನಿಗಿದ್ದರೂ ನನ್ನ ವಿಶ್ವಾಸ ಅಲುಗಾಡಿತು. ಸಂಶಯವೆಂದರೆ ದೇವರು ಇದ್ದಾನೋ ಇಲ್ಲವೋ ಎಂದು ಕುಳಿತು ವಾದಿಸುವುದು ಎಂದುಕೊಂಡಿದ್ದೆ. ನನಗೆ ಅದು ಆಯಾಸದ ರೂಪದಲ್ಲಿ ಬಂತು. ಸಂಜೆ ಪ್ರಾರ್ಥನೆಗೆ ಕುಳಿತರೆ ಬಾಯಿಗೆ ಮಾತು ಬರುತ್ತಿರಲಿಲ್ಲ. ಬಂದ ಮಾತೂ ಮೇಲಿನ ಹೆಂಚು ದಾಟುತ್ತಿದೆ ಎಂದು ಅನ್ನಿಸುತ್ತಿರಲಿಲ್ಲ. ಅಂಥ ದಿನಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಏನು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದೇ ದಾರಿಯಲ್ಲಿರುವವರು ಓದಲಿ ಎಂದು.

ನಮ್ಮ ಸಭೆಗಳ ರೂಢಿ ಬಲ್ಲವರಿಗೆ ಗೊತ್ತು, ಡಿಸೆಂಬರ್ 31ರ ರಾತ್ರಿಯ ಆರಾಧನೆ ಮುಗಿಯುವಾಗ ವಾಗ್ದಾನದ ಕಾರ್ಡುಗಳ ತಟ್ಟೆ ಬರುತ್ತದೆ. ಕಣ್ಣುಮುಚ್ಚಿ ಒಂದನ್ನು ಎತ್ತಿಕೊಳ್ಳಬೇಕು. ಅದರಲ್ಲಿರುವುದು ಆ ವರ್ಷಕ್ಕೆ ದೇವರು ನಮಗೆ ಕೊಟ್ಟ ವಚನ. ಕಾಯಿಲೆ ಗೊತ್ತಾದ ವರ್ಷ ನನ್ನ ಕೈಗೆ ಬಂದದ್ದು ಬೈಬಲಿನ ಯೆರೆಮೀಯ 29:11. ನಿಮ್ಮ ವಿಷಯದಲ್ಲಿ ನನಗಿರುವುದು ಅಹಿತದ ಯೋಚನೆಗಳಲ್ಲ, ಹಿತದ ಯೋಚನೆಗಳೇ ಎಂದು ದೇವರು ಹೇಳುವ ಮಾತು. ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಮರುವರ್ಷ ಇನ್ನೊಂದು ಕಾರ್ಡ್ ಬಂತು, ಅದರ ಮರುವರ್ಷ ಮತ್ತೊಂದು. ಕಾರ್ಡು ಬದಲಾಗುತ್ತಿತ್ತು, ಡಯಾಲಿಸಿಸ್ಸಿನ ದಿನಗಳು ಬದಲಾಗಲಿಲ್ಲ. ಸ್ತ್ರೀಯರ ಕೂಟದಲ್ಲಿ ಒಬ್ಬೊಬ್ಬರೇ ಎದ್ದು ಸಾಕ್ಷಿ ಹೇಳುವಾಗ, ಮಗನಿಗೆ ವೀಸಾ ಸಿಕ್ಕಿತು, ಗಂಟು ಕರಗಿತು ಎಂದು ಸ್ತೋತ್ರ ಮಾಡುವಾಗ, ಅವರ ಸಂತೋಷಕ್ಕೆ ಆಮೆನ್ ಎನ್ನಲು ನನಗೆ ಕಷ್ಟವಾಗುತ್ತಿತ್ತು.

ಒಂದು ದಿನ ಡಯಾಲಿಸಿಸ್ ಕೇಂದ್ರದ ಬೆಂಚಿನ ಮೇಲೆ ಕುಳಿತು ಯೆರೆಮೀಯನ ಆ ಅಧ್ಯಾಯವನ್ನು ಮೊದಲಿನಿಂದ ಓದಿದೆ. ಅದು ಯೆರೂಸಲೇಮಿನಿಂದ ಬಾಬೆಲಿಗೆ ಸೆರೆಹೋದ ಯೆಹೂದ್ಯರಿಗೆ ಪ್ರವಾದಿ ಬರೆದ ಪತ್ರ. ನನ್ನ ಕಾರ್ಡಿನಲ್ಲಿದ್ದ ವಚನಕ್ಕೆ ಹಿಂದಿನ ವಚನದಲ್ಲೇ ಎಪ್ಪತ್ತು ವರ್ಷ ಎಂದಿದೆ. ಎಪ್ಪತ್ತು ವರ್ಷ ತುಂಬಿದ ಮೇಲೆ ನಿಮ್ಮನ್ನು ಕರೆತರುತ್ತೇನೆ ಎಂದು. ಅಂದರೆ ಆ ಪತ್ರ ಕೇಳಿಸಿಕೊಂಡ ದೊಡ್ಡವರಲ್ಲಿ ಬಹುಪಾಲು ಜನ ಬಾಬೆಲಿನಲ್ಲೇ ಸತ್ತಿರಬೇಕು. ಇನ್ನೆರಡು ದಿನದಲ್ಲಿ ಬಿಡುಗಡೆ, ಎರಡು ವರ್ಷದಲ್ಲಿ ಬಿಡುಗಡೆ ಎಂದು ಅವರಿಗೆ ಸಿಹಿ ಹೇಳುತ್ತಿದ್ದ ಪ್ರವಾದಿಗಳಿದ್ದರು. ಅವರ ಮಾತು ಕೇಳಬೇಡಿ ಎಂದು ಯೆರೆಮೀಯ ಎಚ್ಚರಿಸುತ್ತಾನೆ. ಐದನೆಯ, ಆರನೆಯ ವಚನಗಳಲ್ಲಿ ದೇವರು ಹೇಳುವುದು ಬೇರೆ: ಅಲ್ಲಿಯೇ ಮನೆ ಕಟ್ಟಿಕೊಂಡು ವಾಸಿಸಿ, ತೋಟ ಮಾಡಿ ಅದರ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿ.

ಇದನ್ನು ಓದಿ ನನಗೆ ಮೊದಲು ಸಿಟ್ಟು ಬಂತು. ಆಮೇಲೆ ನಿಧಾನವಾಗಿ ಉಸಿರಾಡುವುದಕ್ಕೆ ಜಾಗ ಸಿಕ್ಕಿತು. ಬಿಡುಗಡೆ ಬರುವವರೆಗೂ ಬದುಕನ್ನು ನಿಲ್ಲಿಸಿಡಿ ಎಂದು ದೇವರು ಕೇಳಿರಲಿಲ್ಲ. ನಾವು ನಿಲ್ಲಿಸಿಟ್ಟಿದ್ದೆವು. ಕಸಿ ಆದಮೇಲೆ ನೋಡೋಣ ಎಂದು ಮಗಳ ಕಾಲೇಜಿನ ಮಾತನ್ನೂ ಹಿಂಭಾಗದ ಗೋಡೆಯ ಗಿಲಾವನ್ನೂ ಮುಂದಕ್ಕೆ ಹಾಕಿದ್ದೆವು. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ಇವರು ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಪಾಠ ಹೇಳುವುದನ್ನೂ ಬಿಟ್ಟಿದ್ದರು. ಆ ವಾರವೇ ಮೇಸ್ತ್ರಿಯನ್ನು ಕರೆಸಿದೆವು. ಡಯಾಲಿಸಿಸ್ ಇಲ್ಲದ ದಿನಗಳಲ್ಲಿ ಪಾಠ ಮತ್ತೆ ಶುರುವಾಯಿತು. ಇದರಿಂದ ಸಂಶಯ ಹೋಗಲಿಲ್ಲ. ಆದರೆ ಮನೆಯೆಲ್ಲ ಅದೇ ತುಂಬಿಕೊಂಡಿದ್ದುದು ತಪ್ಪಿತು.

ಪ್ರಾರ್ಥನೆಗೆ ಮಾತು ಇಲ್ಲದ್ದಕ್ಕೆ ದಾರಿ ತೋರಿಸಿದವರು ನನ್ನ ದೊಡ್ಡಮ್ಮ. ಅವರು ಬೆಂಗಳೂರಿನಲ್ಲಿ ಆಂಗ್ಲಿಕನ್ ಪದ್ಧತಿಯ ಸಭೆಯಲ್ಲಿ ಬೆಳೆದವರು. 1662ರ ಅವರ ಸಾಮಾನ್ಯ ಪ್ರಾರ್ಥನಾ ಪುಸ್ತಕದಲ್ಲಿ ಬೈಬಲಿನ ನೂರೈವತ್ತು ಕೀರ್ತನೆಗಳನ್ನೂ ಮೂವತ್ತು ದಿನಗಳಿಗೆ, ದಿನಕ್ಕೆ ಬೆಳಿಗ್ಗೆ ಸಂಜೆ ಎಂದು, ಹಂಚಿಟ್ಟಿದ್ದಾರೆ. ತಿಂಗಳು ತಿಂಗಳೂ ಇಡೀ ಕೀರ್ತನೆಗಳ ಪುಸ್ತಕ ಮುಗಿಯುತ್ತದೆ. "ನಿನಗೆ ಪ್ರಾರ್ಥಿಸಲಿಕ್ಕೆ ಆಗದಿದ್ದರೆ ಬಿಡು ಮಗಳೇ, ತಾರೀಖು ನೋಡಿ ಆ ದಿನದ್ದನ್ನು ಗಟ್ಟಿಯಾಗಿ ಓದು. ಮನಸ್ಸು ಬಂದರೂ ಸರಿ, ಬಾರದಿದ್ದರೂ ಸರಿ" ಎಂದರು. ನಾನು ಹಾಗೆಯೇ ಮಾಡಿದೆ.

ಆರಿಸಿಕೊಂಡು ಓದುವುದಕ್ಕೂ ತಾರೀಖಿನ ಪ್ರಕಾರ ಓದುವುದಕ್ಕೂ ದೊಡ್ಡ ವ್ಯತ್ಯಾಸವಿದೆ. ಆರಿಸಿಕೊಂಡರೆ ನಾವು ಧೈರ್ಯ ಹೇಳುವ 23ಕ್ಕೂ 91ಕ್ಕೂ 121ಕ್ಕೂ ಹೋಗುತ್ತೇವೆ. ತಾರೀಖು ಹಿಡಿದು ಹೋದರೆ ಎರಡನೆಯ ದಿನದ ಸಂಜೆಗೇ 13ನೆಯ ಕೀರ್ತನೆ ಎದುರಾಗುತ್ತದೆ: ಎಷ್ಟರವರೆಗೆ, ಯೆಹೋವನೇ, ಎಷ್ಟರವರೆಗೆ ಎಂದು ನಾಲ್ಕು ಸಲ ಕೇಳುವ ಕೀರ್ತನೆ. ನಾಲ್ಕನೆಯ ಸಂಜೆ 22ನೆಯದು, ನನ್ನ ದೇವರೇ, ನನ್ನ ದೇವರೇ, ನನ್ನನ್ನೇಕೆ ಕೈಬಿಟ್ಟೆ ಎಂದು ಯೇಸುಸ್ವಾಮಿ ಶಿಲುಬೆಯ ಮೇಲೆ ಕೂಗಿದ ಮಾತಿನಿಂದ ಶುರುವಾಗುವಂಥದ್ದು. ಹದಿನೇಳನೆಯ ಬೆಳಿಗ್ಗೆ 88ನೆಯದು. ಹೆಚ್ಚಿನ ಪ್ರಲಾಪದ ಕೀರ್ತನೆಗಳು ಕೊನೆಗೆ ಸ್ತುತಿಯ ಕಡೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಮೊದಲ ಸಲ ಅದನ್ನು ಓದಿದಾಗ ಇಂಥದ್ದು ಸತ್ಯವೇದದಲ್ಲಿದೆಯೇ ಎಂದು ದಂಗಾದೆ. ಇದನ್ನು ಬರೆದವನನ್ನು ಯಾರೂ ಸಭೆಯಿಂದ ಹೊರಗೆ ಹಾಕಲಿಲ್ಲ. ಅವನ ಕೀರ್ತನೆಯನ್ನು ದೇವಾಲಯದಲ್ಲಿ ಹಾಡಲು ಇಟ್ಟುಕೊಂಡರು. ಅಷ್ಟೊಂದು ದೂರು ಹೇಳುವವನೂ ಮೊದಲ ಸಾಲಿನಲ್ಲಿ ದೇವರನ್ನು ತನ್ನ ರಕ್ಷಕನೆಂದು ಕರೆದೇ ಮಾತು ಶುರುಮಾಡುತ್ತಾನೆ. ಈಗ ನನಗೆ ಹದಿನೇಳನೆಯ ತಾರೀಖು ಬೇಕು. ದೇವರ ಮುಂದೆ ಅತ್ತು ದೂರುವುದು ಅವಿಶ್ವಾಸ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಮಾತು ಬಿಟ್ಟವರು ದೂರುವುದಿಲ್ಲ.

ನನ್ನ ಸಂಶಯದ ಅತಿ ಕಷ್ಟದ ಭಾಗ ಇನ್ನೊಂದು. ಅದನ್ನು ಬಹಳ ಕಾಲ ಯಾರಿಗೂ ಹೇಳಲಾಗಲಿಲ್ಲ.

ಬೆಳಿಗ್ಗೆ ಎದ್ದ ಕೂಡಲೇ ನಾನು ಇವರ ಎಡಗೈಯ ಫಿಸ್ಟುಲಾ ಮುಟ್ಟಿ ನೋಡುತ್ತೇನೆ. ಡಯಾಲಿಸಿಸ್ಸಿಗೆಂದು ಮೊಣಕೈಯ ಕೆಳಗೆ ಅಪಧಮನಿಯನ್ನೂ ಅಭಿಧಮನಿಯನ್ನೂ ಶಸ್ತ್ರಚಿಕಿತ್ಸೆ ಮಾಡಿ ಜೋಡಿಸಿದ್ದಾರೆ. ಅಲ್ಲಿ ನರ ಹಗ್ಗದ ಹಾಗೆ ಉಬ್ಬಿದೆ, ಅದರ ಮೇಲೆ ಎರಡು ಬೆರಳಿಟ್ಟರೆ ಒಳಗೆ ರಕ್ತ ಜುಂ ಎಂದು ಹರಿಯುವುದು ಬೆರಳಿಗೆ ತಿಳಿಯುತ್ತದೆ. ಆ ಕಂಪನ ನಿಂತರೆ ತಕ್ಷಣ ಆಸ್ಪತ್ರೆಗೆ ಓಡಬೇಕೆಂದು ನರ್ಸಮ್ಮ ಕಲಿಸಿದ್ದಾರೆ. ಬೆರಳು ಅಲ್ಲಿರುವಾಗಲೇ ನನ್ನ ಪ್ರಾರ್ಥನೆ ಹೊರಡುತ್ತಿತ್ತು: ಕರ್ತನೇ, ಇವರಿಗೆ ಒಂದು ಮೂತ್ರಪಿಂಡ ಕೊಡು. ಒಂದು ಬೆಳಿಗ್ಗೆ ಆ ಪ್ರಾರ್ಥನೆಯ ಅರ್ಥ ನನಗೇ ಹೊಳೆದು ಕೈ ತಣ್ಣಗಾಯಿತು. ನಾನು ಕಾಯುತ್ತಿರುವುದು ಬರಬೇಕಾದರೆ ಎಲ್ಲೋ ಒಂದು ಮನೆಯ ಮಗ ಬೈಕಿನಿಂದ ಬಿದ್ದು ಮತ್ತೆ ಏಳದಿರಬೇಕು. ಇದನ್ನು ದೇವರ ಹತ್ತಿರ ಕೇಳುವುದು ಹೇಗೆ? ಕೇಳದೆ ಇರುವುದು ಹೇಗೆ? ಇಂಥ ಬೇಡಿಕೆಯನ್ನು ಕೇಳುವ ಸ್ಥಿತಿಗೆ ನಮ್ಮನ್ನು ತಂದಿಟ್ಟ ದೇವರು ಎಂಥವನು?

ಕೊನೆಗೆ ಸಭಾಪಾಲಕರಿಗೆ ಹೇಳಿದೆ. "ಅಯ್ಯನವರೇ, ನನ್ನ ಪ್ರಾರ್ಥನೆಯೇ ನನಗೆ ಹೆದರಿಕೆ ತರುತ್ತಿದೆ." ಅವರು ವಚನ ಹುಡುಕಲಿಲ್ಲ. ಸುಮ್ಮನಿದ್ದು, "ಅಮ್ಮಾ, ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಆ ಮನೆಯವರನ್ನೂ ನಿಮ್ಮ ಪ್ರಾರ್ಥನೆಯೊಳಗೆ ಕರೆದುಕೊಳ್ಳಿ" ಎಂದರು. ಅಂದಿನಿಂದ ನನ್ನ ಬೇಡಿಕೆಯ ಕ್ರಮ ಬದಲಾಯಿತು. ರಸ್ತೆಯಲ್ಲಿರುವವರನ್ನೆಲ್ಲ ಮನೆ ಸೇರಿಸು ಎಂದು ಮೊದಲು ಕೇಳುತ್ತೇನೆ, ಹೆಲ್ಮೆಟ್ ಇಲ್ಲದೆ ಹೋಗುವ ಹುಡುಗರಿಗಾಗಿಯೂ ಕೇಳುತ್ತೇನೆ. ಸಾವು ತಪ್ಪದಿದ್ದಲ್ಲಿ ಆ ಮನೆಯವರಿಗೆ ಕೊಡುವ ಮನಸ್ಸು ಬರಲಿ, ಕೊಟ್ಟದ್ದಕ್ಕೆ ಅವರಿಗೆ ಸಮಾಧಾನ ಸಿಗಲಿ ಎನ್ನುತ್ತೇನೆ. ಆಮೇಲೆ ಇವರ ಹೆಸರು ಹೇಳುತ್ತೇನೆ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುಸ್ವಾಮಿ ಅದೇ ಮಾತುಗಳನ್ನೇ ಹೇಳಿ ಮೂರು ಸಲ ಪ್ರಾರ್ಥಿಸಿದ ಎಂದು ಮತ್ತಾಯ ಬರೆಯುತ್ತಾನೆ. ಹಾಗಿರುವಾಗ ಒಂದೇ ಮಾತನ್ನು ದಿನವೂ ಹೇಳುವುದಕ್ಕೆ ನನಗೇಕೆ ಸಂಕೋಚ?

ಒಂದು ರಾತ್ರಿ ಫೋನ್ ಬಂತು. ಒಂದು ಮೂತ್ರಪಿಂಡ ಸಿಗುವ ಹಾಗಿದೆ, ಏನೂ ತಿನ್ನದೆ ಕೂಡಲೇ ಬನ್ನಿ ಎಂದರು. ಇಂಥ ಕರೆ ಒಬ್ಬರಿಗೇ ಬರುವುದಿಲ್ಲ. ಹೊಂದಾಣಿಕೆ ಆಗದಿದ್ದರೆ ಇರಲಿ ಎಂದು ಒಬ್ಬರಿಗಿಂತ ಹೆಚ್ಚು ಜನರನ್ನು ಕರೆಸುತ್ತಾರೆ. ರಕ್ತ ತೆಗೆದು ಕ್ರಾಸ್‌ಮ್ಯಾಚ್ ಪರೀಕ್ಷೆಗೆ ಕಳಿಸಿದರು. ಫಲಿತಾಂಶಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಅದೇ ಕಾರಿಡಾರಿನಲ್ಲಿ ಇನ್ನೊಂದು ಕುಟುಂಬವೂ ಕಾಯುತ್ತಿತ್ತು. ಅವರ ಹುಡುಗನಿಗೆ ಇಪ್ಪತ್ತೂ ದಾಟಿರಲಿಲ್ಲ. ತಾಯಿಯ ಕೈಯಲ್ಲಿ ಜಪಮಣಿ ಇತ್ತು, ಅವರು ಮುಸಲ್ಮಾನರು. ನಾವಿಬ್ಬರೂ ಒಂದೇ ವಸ್ತುವಿಗಾಗಿ ಬೇಡುತ್ತಿದ್ದೆವು, ಸಿಗುವುದು ಒಬ್ಬರಿಗೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಬೆಳಗಾಗುವ ಹೊತ್ತಿಗೆ ಅದು ಅವರ ಹುಡುಗನಿಗೆ ಹೊಂದುತ್ತದೆ ಎಂದು ತಿಳಿಯಿತು. ಆ ತಾಯಿ ಬಂದು ನನ್ನ ಕೈ ಹಿಡಿದುಕೊಂಡರು. ಏನೂ ಮಾತಾಡಲಿಲ್ಲ.

ಮನೆಗೆ ಬಂದು ನಾನು ತುಂಬ ಅತ್ತೆ. ಇವರು ಮಾತ್ರ, "ಚಿಕ್ಕ ಹುಡುಗ, ಅವನಿಗೆ ಸಿಕ್ಕಿದ್ದು ಒಳ್ಳೆಯದಾಯಿತು" ಎಂದು ಹೇಳಿ ಮಲಗಿದರು. ಆ ವಾರ ನನ್ನಿಂದ ಕೀರ್ತನೆ ಓದಲೂ ಆಗಲಿಲ್ಲ. ಭಾನುವಾರ ಆರಾಧನೆಗೆ ಹೋಗುವ ಮನಸ್ಸೂ ಇರಲಿಲ್ಲ, ಆದರೂ ಹೋದೆ. ನಾವು ನಂಬುವುದನ್ನು ಎಲ್ಲರೂ ಒಟ್ಟಾಗಿ ಹೇಳುವ ವಿಶ್ವಾಸಪ್ರಮಾಣದ ಹೊತ್ತಿಗೆ ನನ್ನ ಬಾಯಿ ಏಳಲಿಲ್ಲ. ಪಕ್ಕದವರು ಹೇಳುತ್ತಿದ್ದರು, ಹಿಂದಿನ ಸಾಲಿನ ಮಕ್ಕಳು ಹೇಳುತ್ತಿದ್ದರು. ಅವರ ದನಿಯ ನಡುವೆ ನಿಂತಿರುವುದಷ್ಟೇ ಆ ದಿನ ನನ್ನ ವಿಶ್ವಾಸವಾಗಿತ್ತು. ಯೇಸುವಿನ ಶಿಷ್ಯ ತೋಮನ ಕಥೆಯನ್ನು ನಾವು ಯಾವಾಗಲೂ ಅವನ ಸಂಶಯಕ್ಕಾಗಿ ನೆನೆಯುತ್ತೇವೆ. ಯೇಸು ಸತ್ತು ಎದ್ದು ಬಂದದ್ದನ್ನು ಆತನ ಗಾಯದಲ್ಲಿ ಬೆರಳಿಟ್ಟ ಹೊರತು ನಂಬುವುದಿಲ್ಲ ಎಂದ ಮೇಲೂ, ಎಂಟು ದಿನಗಳ ನಂತರ ಅವನು ಉಳಿದ ಶಿಷ್ಯರ ಜೊತೆ ಅದೇ ಮನೆಯೊಳಗೇ ಇದ್ದ ಎಂದು ಯೋಹಾನ ಬರೆದಿದ್ದಾನೆ. ಅವನು ಬಿಟ್ಟು ಹೋಗಲಿಲ್ಲ, ಅವರೂ ಅವನನ್ನು ಕಳಿಸಲಿಲ್ಲ. ಕರ್ತನು ಅವನಿಗೆ ಕಾಣಿಸಿಕೊಂಡದ್ದು ಅಲ್ಲಿ.

ಮನೆಗೆ ಬರುವ ವಿಶ್ವಾಸಿಗಳಿಗೆ ಒಂದು ಮಾತು. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡು ನರಳಿದ ಯೋಬನ ಗೆಳೆಯರು ಮೊದಲ ಏಳು ದಿನ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕುಳಿತರು. ಅವರು ಮಾಡಿದ್ದರಲ್ಲಿ ಅದೇ ಸರಿಯಾದದ್ದು. ಬಾಯಿ ತೆರೆದ ಮೇಲೆ ಕಾರಣ ಹುಡುಕಿದರು, ಪಾಪ ಹುಡುಕಿದರು. ಕೊನೆಗೆ ದೇವರು ಗದರಿದ್ದು ಅವರನ್ನು. ಕಾಯಿಲೆಯವರ ಮನೆಗೆ ಬಂದು ನಿಮ್ಮ ಪ್ರಾರ್ಥನೆಯಲ್ಲಿ ಎಲ್ಲೋ ಕೊರತೆಯಿದೆ ಎನ್ನಬೇಡಿ. ಎಳನೀರು, ಬಾಳೆಹಣ್ಣು ತರಬೇಡಿ. ಪೊಟ್ಯಾಸಿಯಂ ಹೆಚ್ಚಿರುವ ಅವೆರಡೂ ಡಯಾಲಿಸಿಸ್ಸಿನವರಿಗೆ ಅಪಾಯ. ನಮ್ಮ ಸಭೆಯ ಒಬ್ಬ ಹಿರಿಯರು ವಾರಕ್ಕೊಂದು ದಿನ ಇವರನ್ನು ತಮ್ಮ ಸ್ಕೂಟರಿನಲ್ಲಿ ಡಯಾಲಿಸಿಸ್ಸಿಗೆ ಕರೆದುಕೊಂಡು ಹೋಗುತ್ತಾರೆ. ಆ ನಾಲ್ಕು ಗಂಟೆ ನಾನು ನಿದ್ದೆ ಮಾಡುತ್ತೇನೆ. ನನ್ನ ವಿಶ್ವಾಸಕ್ಕೆ ಅದರಷ್ಟು ಬಲ ಕೊಟ್ಟ ಪ್ರಸಂಗ ಇನ್ನೊಂದಿಲ್ಲ.

ಕಳೆದ ಸಲ ಕ್ರಿಸ್‌ಮಸ್ಸಿಗೆ ಮುಂಚಿನ ಆಗಮನ ಕಾಲದಲ್ಲಿ ಸಭಾಪಾಲಕರನ್ನು ಕೇಳಿ, ಆರಾಧನೆಯ ನಂತರ ಅಂಗಾಂಗ ದಾನದ ಬಗ್ಗೆ ಮಾತಾಡಲು ಸ್ವಲ್ಪ ಸಮಯ ಪಡೆದೆ. ನಾನೂ ಮಗಳೂ ಮೊದಲೇ ಪ್ರತಿಜ್ಞಾ ಪತ್ರ ತುಂಬಿದ್ದೆವು. ಪತ್ರ ತುಂಬಿದರೂ ಆ ಹೊತ್ತಿನಲ್ಲಿ ಮನೆಯವರು ಒಪ್ಪಬೇಕಾಗುತ್ತದೆ, ಆದ್ದರಿಂದ ಇದನ್ನು ಊಟಕ್ಕೆ ಕುಳಿತಾಗಲೇ ಮಾತಾಡಿಟ್ಟುಕೊಳ್ಳಿ ಎಂದು ಎಲ್ಲರಿಗೂ ಹೇಳಿದೆ. ಒಬ್ಬ ಅಜ್ಜಿ ಎದ್ದು ನಿಂತು, "ಪುನರುತ್ಥಾನದ ದಿನ ಶರೀರ ಇಡಿಯಾಗಿ ಬೇಡವೇನಮ್ಮ?" ಎಂದು ಕೇಳಿದರು. ಅವರ ಪ್ರಶ್ನೆಯಲ್ಲಿ ನಿಜವಾದ ಚಿಂತೆ ಇತ್ತು. ಬೆಂಕಿಯಲ್ಲಿ ಸುಟ್ಟುಹೋದ ರಕ್ತಸಾಕ್ಷಿಗಳನ್ನೂ ಸಮುದ್ರದಲ್ಲಿ ಮುಳುಗಿದವರನ್ನೂ ಎಬ್ಬಿಸುತ್ತಾನೆಂದು ನಾವು ನಂಬುವ ದೇವರಿಗೆ ಒಂದು ಮೂತ್ರಪಿಂಡ ಕಡಿಮೆಯಾದವರನ್ನು ಎಬ್ಬಿಸುವುದು ಕಷ್ಟವೇ ಅಜ್ಜಿ ಎಂದೆ. ಅವರು ತಲೆಯಾಡಿಸಿದರು, ಯೋಚಿಸುತ್ತೇನೆ ಎಂದರು. ಮರುಭಾನುವಾರ ಮೊಮ್ಮಗನನ್ನು ಜೊತೆಗೆ ಕರೆದುಕೊಂಡು ಬಂದು, ಅರ್ಜಿ ಎಲ್ಲಿದೆ ಎಂದು ಕೇಳಿದರು.