ಪ್ರೇಮ ಕಾದಂಬರಿಗೆ ವಿಮರ್ಶೆ ಬರೆಯೋರಿಗೆ

ಒಟ್ಟಾರೆ ನಾಲ್ಕು ಸ್ಟಾರ್ ಕೊಟ್ಟು ಕೈತೊಳ್ಕೋಬೇಡಿ. ಶೃಂಗಾರ, ಕೆಮಿಸ್ಟ್ರಿ (ಅಂದ್ರೆ ಜೋಡಿ ನಡುವಿನ ಸೆಳೆತ), ಕಥೆ ಮೂರಕ್ಕೂ ಬೇರೆ ಬೇರೆ ಅಂಕ ಹಾಕಿ. ಶೃಂಗಾರದ ಅಂಕ ಎಷ್ಟು ಹಸಿಬಿಸಿ ಅನ್ನೋದಕ್ಕೆ ಮಾತ್ರ, ಗುಣಮಟ್ಟಕ್ಕಲ್ಲ. ಮುತ್ತಿಗೇ ನಿಲ್ಲುತ್ತಾ, ಕೋಣೆ ಬಾಗಿಲು ಮುಚ್ಚುತ್ತಾ, ತೆರೆದೇ ಇರುತ್ತಾ, ನೇರವಾಗಿ ಹೇಳಿಬಿಡಿ. ಅಮ್ಮನಿಗೆ ಓದೋಕೆ ಕೊಡಬಹುದಾ ಅಂತ ನೋಡೋರೂ ಇರ್ತಾರೆ!

ಕೆಮಿಸ್ಟ್ರಿ ಇರೋದು ಮಾತುಕತೆಯಲ್ಲಿ. ಜೇನ್ ಆಸ್ಟಿನ್ ಬರೆದ 1813ರ ಇಂಗ್ಲಿಷ್ ಕಾದಂಬರಿ 'ಪ್ರೈಡ್ ಅಂಡ್ ಪ್ರೆಜುಡಿಸ್'ನಲ್ಲಿ ನಾಯಕ ನಾಯಕಿ ಒಂದು ಮುತ್ತೂ ಕೊಟ್ಟುಕೊಳ್ಳಲ್ಲ. ಆದರೆ 34ನೇ ಅಧ್ಯಾಯದಲ್ಲಿ ಡಾರ್ಸಿ ಮದುವೆ ಆಗ್ತೀಯಾ ಅಂತ ಕೇಳಿ, ಎಲಿಜಬೆತ್ ಖಡಾಖಂಡಿತವಾಗಿ ಒಲ್ಲೆ ಅಂದಾಗ ಕಿಡಿ ಹಾರುತ್ತೆ ನೋಡಿ! ಅಂಥ ಒಂದು ಪುಟ ಸಿಕ್ಕಿದ್ರೆ ಅದನ್ನೇ ಹೆಸರಿಸಿ.

ಕಥೆ ಬಗ್ಗೆ ದಾಕ್ಷಿಣ್ಯ ಬೇಡ. ಒಂದು ಫೋನ್ ಮಾಡಿದ್ರೆ ಬಗೆಹರಿಯೋ ತಪ್ಪು ತಿಳಿವಳಿಕೆಯನ್ನ ಇನ್ನೂರು ಪುಟ ಎಳೆದಿದ್ದರೆ ಅಂಕ ಕತ್ತರಿಸಿ.