ಕನ್ನಡಿ ಬಾಗಿದರೆ ಬಾಗಲಿ

ನನ್ನ ಲಾರಿಯ ಬದಿಯ ಕನ್ನಡಿಗೆ ತಗಲಿದ್ದು ಎಂಥ ಕೊಂಬೆ ಎಂದು ಈಗ ನಾನು ಸದ್ದಿನ ಮೇಲೇ ಹೇಳಬಲ್ಲೆ. ಸೊಪ್ಪು ಸವರಿಕೊಂಡು ಹೋದರೆ ‘ಸರ್ರ್’ ಎನ್ನುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಎಳೆ ರೆಂಬೆ ಬಡಿದರೆ ‘ಟಪ್’ ಎಂದು ಕನ್ನಡಿ ಅಲುಗಿ, ಅದರೊಳಗಿನ ದಾರಿ ಎರಡು ಸಲ ನಡುಗಿ ನಿಲ್ಲುತ್ತದೆ. ಒಣಗಿದ ಮೋಟು ಬಡಿದಾಗ ಮಾತ್ರ ಸದ್ದು ಕಿವಿಗೆ ಬೀಳುವ ಮೊದಲೇ ಕನ್ನಡಿಯಲ್ಲಿ ದಾರಿ ಹೋಗಿ ಆಕಾಶ ಬಂದಿರುತ್ತದೆ. ಆಮೇಲೆ ಚೂರು ಉದುರುವ ಸದ್ದು.

ಹೊಲ, ತೋಟಗಳ ನಡುವಿನ ಒಂಟಿ ದಾರಿಗಳಲ್ಲೇ ನನ್ನ ಬಹುಪಾಲು ಓಡಾಟ. ದಾರಿ ಲಾರಿಗಿಂತ ಒಂದು ಮೊಳ ಅಗಲ ಇದ್ದರೆ ಹೆಚ್ಚು. ಎರಡೂ ಕಡೆ ಬೇಲಿ, ಮೇಲೆ ಕೊಂಬೆಗಳ ಚಪ್ಪರ. ಹೀಗಿರುವಾಗ ಕನ್ನಡಿ ಒಡೆಯುವುದು ಕಸುಬಿನ ಒಂದು ಭಾಗ ಎಂದೇ ಬಹಳ ದಿನ ನಂಬಿದ್ದೆ. ಒಂದೇ ವರ್ಷದಲ್ಲಿ ಮೂರು ಹೋದ ಮೇಲೆ ಕೂತು ಯೋಚಿಸಿದೆ. ಮೂರೂ ಬೇರೆ ಬೇರೆ ಕಾರಣಕ್ಕೆ ಹೋಗಿದ್ದವು, ಮೂರರಲ್ಲೂ ನನ್ನ ಕೈವಾಡ ಇತ್ತು.

ಮೊದಲನೆಯದು ಹೋದದ್ದು ಆಗತಾನೇ ಸವರಿದ ಬೇಲಿಯ ಪಕ್ಕದಲ್ಲಿ. ಗಿಡ ಸವರಿದ್ದಾರೆ, ಇವತ್ತು ಆರಾಮ ಎಂದುಕೊಂಡು ಎಂದಿಗಿಂತ ಜೋರಾಗಿಯೇ ನುಗ್ಗಿಸಿದೆ. ಸೊಪ್ಪೆಲ್ಲ ಹೋಗಿ, ಹೆಬ್ಬೆರಳು ದಪ್ಪದ ಮೋಟುಗಳು ಮಾತ್ರ ದಾರಿಯ ಕಡೆಗೆ ಮೊನೆ ಚಾಚಿಕೊಂಡು ನಿಂತಿದ್ದವು. ಉದ್ದ ರೆಂಬೆ ಬಳುಕಿ ದಾರಿ ಬಿಡುತ್ತದೆ. ಅದನ್ನೇ ಗೇಣುದ್ದಕ್ಕೆ ಕತ್ತರಿಸಿದರೆ ಗೂಟವಾಗುತ್ತದೆ. ಆ ಗೂಟ ಸೀದಾ ದೊಡ್ಡ ಕನ್ನಡಿಯ ಕೆಳಗಿರುವ ಚಿಕ್ಕ ಉಬ್ಬು ಕನ್ನಡಿಯ ನಡುವಿಗೇ ಬಂತು. ಸವರಿದ ಬೇಲಿಯನ್ನು ಕಂಡರೆ ಈಗ ನಾನು ಬೆಳೆದ ಬೇಲಿಗಿಂತ ಹೆಚ್ಚು ಹೆದರುತ್ತೇನೆ.

ಎರಡನೆಯದು ನನ್ನ ಜಾಣತನದ ಫಲ. ಕನ್ನಡಿಗೆ ಕಾವಲು ಇರಲಿ ಎಂದು ಮುಕ್ಕಾಲಿಂಚಿನ ಕಬ್ಬಿಣದ ಪೈಪನ್ನು ಬಾಗಿಸಿ, ಕನ್ನಡಿಯ ಮುಂದೆ ಬಿಲ್ಲಿನಂತೆ ಬರುವ ಹಾಗೆ ಕನ್ನಡಿ ರಾಡಿಗೇ ವೆಲ್ಡಿಂಗ್ ಮಾಡಿಸಿದೆ. ನೋಡಲು ಬಹಳ ಗಟ್ಟಿಮುಟ್ಟಾಗಿತ್ತು. ಅದರ ಭಾರಕ್ಕೆ ಮೊದಲ ದಿನದಿಂದಲೇ ಕನ್ನಡಿ ನಡುಗತೊಡಗಿತು. ರಾತ್ರಿ ಹಿಂದಿನ ಗಾಡಿಯ ದೀಪ ಎರಡಕ್ಕೆ ನಾಲ್ಕಾಗಿ ಕಾಣುತ್ತಿತ್ತು. ಇರಲಿ ಎಂದು ಸುಮ್ಮನಿದ್ದೆ. ಒಂದು ತಿಂಗಳಾಗಿರಬೇಕು, ತಿರುವಿನಲ್ಲಿ ತೋಳು ದಪ್ಪದ ಕೊಂಬೆಯೊಂದು ಆ ಪೈಪಿಗೆ ಸಿಕ್ಕಿಕೊಂಡಿತು. ಪೈಪು ಬಾಗಲಿಲ್ಲ. ರಾಡೂ ಬಾಗಲಿಲ್ಲ. ರಾಡು ಕೂತಿದ್ದ ಬಾಗಿಲಿನ ತಗಡು ಹರಿಯಿತು. ಬೋಲ್ಟಿನ ತೂತು ಕಣ್ಣಿನಾಕಾರಕ್ಕೆ ಹಿಗ್ಗಿ, ಬಾಗಿಲು ಒಳಕ್ಕೆ ತಗ್ಗಾಗಿ, ಗಾಜು ಇಳಿಸಲೂ ಆಗದೆ ಏರಿಸಲೂ ಆಗದೆ ಅರ್ಧಕ್ಕೆ ಸಿಕ್ಕಿಕೊಂಡಿತು. ಕನ್ನಡಿಗಿಂತ ಬಾಗಿಲಿನ ರಿಪೇರಿಗೆ ಹಲವು ಪಟ್ಟು ಖರ್ಚು. ಇಷ್ಟೆಲ್ಲ ಆದರೂ ಕನ್ನಡಿ ಉಳಿಯಿತೇ ಎಂದರೆ ಅದೂ ಇಲ್ಲ; ಅದುರಿದ ಹೊಡೆತಕ್ಕೆ ಬಿರುಕು ಬಿಟ್ಟಿತ್ತು.

ಆ ಬಾಗಿಲನ್ನು ಬಿಚ್ಚಿ ಕೂತಾಗಲೇ ಕನ್ನಡಿಯ ರಚನೆಯನ್ನು ಮೊದಲ ಸಲ ಗಮನವಿಟ್ಟು ನೋಡಿದ್ದು. ರಾಡು ಬಾಗಿಲಿಗೆ ಅಥವಾ ಕ್ಯಾಬಿನ್ ಮೂಲೆಗೆ ಸೇರುವ ಕಡೆ ಒಂದು ತಿರುಗುವ ಜಾಯಿಂಟು ಇರುತ್ತದೆ. ಒಳಗೆ ಸ್ಪ್ರಿಂಗು, ಅದು ಒತ್ತಿ ಹಿಡಿದ ಹಲ್ಲಿನಂಥ ಕಚ್ಚು. ಇಷ್ಟು ಬಲ ಬಿದ್ದರೆ ಕಚ್ಚು ಬಿಟ್ಟು ಕನ್ನಡಿ ಹಿಂದಕ್ಕೆ ಮಡಚಿಕೊಳ್ಳಲಿ ಎಂಬುದೇ ಅದರ ಉದ್ದೇಶ. ಬೇಲಿಗೆ ಮಾತ್ರವಲ್ಲ, ದಾರಿಬದಿಯಲ್ಲಿ ನಿಂತವರ ತಲೆಗೋ ಭುಜಕ್ಕೋ ತಗುಲಿದರೂ ಅದು ಬಿಟ್ಟುಕೊಡಬೇಕು. ನಾನು ಪೈಪು ಬೆಸೆದು ಆ ಗುಣವನ್ನೇ ಕೊಂದಿದ್ದೆ. ನನ್ನ ಲಾರಿಯಲ್ಲಂತೂ ಆಚೆ ಬದಿಯ ಜಾಯಿಂಟು ಧೂಳು, ತುಕ್ಕು ಸೇರಿ ಮೊದಲೇ ಹಿಡಿದುಕೊಂಡುಬಿಟ್ಟಿತ್ತು. ಎರಡೂ ಕೈಯಲ್ಲಿ ತಳ್ಳಿದರೂ ಜಪ್ಪಯ್ಯ ಎನ್ನಲಿಲ್ಲ.

ಅದನ್ನು ಸರಿಪಡಿಸಿದ್ದೇ ನಾನು ಮಾಡಿದ ಎಲ್ಲ ಕೆಲಸಗಳಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು, ಆದ್ದರಿಂದ ವಿವರವಾಗಿ ಹೇಳುತ್ತೇನೆ. ಜಾಯಿಂಟನ್ನು ಬಿಚ್ಚಿ, ಸ್ಪ್ರಿಂಗು ವಾಷರು ಯಾವ ಕ್ರಮದಲ್ಲಿದ್ದವೋ ಅದೇ ಕ್ರಮದಲ್ಲಿ ಬಟ್ಟೆಯ ಮೇಲೆ ಜೋಡಿಸಿಟ್ಟುಕೊಂಡೆ. ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ತೆಳ್ಳಗೆ ಗ್ರೀಸ್ ಸವರಿದೆ. ತೆಳ್ಳಗೆ ಎಂದರೆ ತೆಳ್ಳಗೆ. ದಪ್ಪ ಮೆತ್ತಿದರೆ ಧೂಳು ಕೂತು ಮತ್ತೆ ಅದೇ ಕತೆ. ಮತ್ತೆ ಬಿಗಿ ಮಾಡುವಾಗ ನಟ್ಟನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ, ಪ್ರತಿ ಸಲವೂ ಅಂಗೈಯಿಂದ ಕನ್ನಡಿಯ ಹೊರ ಅಂಚನ್ನು ಒತ್ತಿ ನೋಡಿದೆ. ಮೈಭಾರ ಹಾಕದೆ, ತೋಳಿನ ಬಲಕ್ಕೆ ಮಡಚಬೇಕು. ಹೆದ್ದಾರಿಯ ಗಾಳಿಗೆ ತಾನಾಗಿ ಮಡಚಬಾರದು. ಈ ಎರಡರ ನಡುವಿನ ಹದ ಸಿಗಲು ಮೂರು ಸಲ ಓಡಿಸಿ ನೋಡಬೇಕಾಯಿತು. ಕಡೆಗೆ ಜಾಯಿಂಟಿನ ಮೇಲೂ ಕೆಳಗೂ ಸೇರುವಂತೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆದೆ. ಮಡಚಿದ್ದನ್ನು ಬಿಡಿಸಿದಾಗ ಗೆರೆಗೆ ಗೆರೆ ಕೂಡಿಸಿದರೆ ಸಾಕು, ಕನ್ನಡಿ ಮೊದಲಿದ್ದ ಜಾಗಕ್ಕೇ ಬರುತ್ತದೆ. ನೋಟ ಸರಿಯಿದೆಯೇ ಎನ್ನುವುದಕ್ಕೆ ನನ್ನ ಗುರುತು: ದೊಡ್ಡ ಕನ್ನಡಿಯ ಒಳ ಅಂಚಿನಲ್ಲಿ ಲಾರಿಯ ಪಕ್ಕ ಒಂದೆರಡು ಬೆರಳಗಲ ಕಾಣಬೇಕು, ಹಿಂದಿನ ಚಕ್ರ ನೆಲ ಮುಟ್ಟುವ ಜಾಗವೂ ಕಾಣಬೇಕು.

ಪೈಪಿನ ಕಾವಲನ್ನು ಪೂರ್ತಿ ಕೈಬಿಡಲಿಲ್ಲ, ಕಬ್ಬಿಣವನ್ನು ಬಿಟ್ಟೆ. ನೀರು ಹಾಯಿಸುವ ಕಪ್ಪು ಪ್ಲಾಸ್ಟಿಕ್ ಪೈಪಿನ ತುಂಡನ್ನು ಬಾಗಿಸಿ, ಎರಡೂ ತುದಿಯನ್ನು ಕ್ಯಾಬಿನ್ ಮೂಲೆಗೆ ಬಿಗಿದೆ. ಕನ್ನಡಿ ರಾಡಿಗೆ ಅಲ್ಲ, ಅದನ್ನು ಮುಟ್ಟದಂತೆ ಮುಂದೆ. ಬರುವ ರೆಂಬೆ ಪೈಪಿನ ಬಾಗಿನ ಮೇಲೆ ಜಾರಿ ಕನ್ನಡಿಯ ಹೊರಗಿಂದ ಹೋಗುತ್ತದೆ. ದಪ್ಪ ಕೊಂಬೆಯಾದರೆ ಪೈಪೇ ಮಲಗಿಕೊಂಡು ಆಮೇಲೆ ಎದ್ದು ನಿಲ್ಲುತ್ತದೆ. ಪೈಪು ಕನ್ನಡಿಗಿಂತ ಹೊರಗೆ ಚಾಚಬಾರದು, ಚಾಚಿದರೆ ಲಾರಿಯ ಅಗಲವನ್ನು ನಾವೇ ಹೆಚ್ಚಿಸಿದ ಹಾಗೆ. ಸೀಟಿನಲ್ಲಿ ಕೂತಾಗ ಪಕ್ಕದ ನೋಟಕ್ಕೂ ಅಡ್ಡ ಬರಬಾರದು. ಮೊದಲ ಸಲ ಅದು ಸರಿಯಾಗಿ ತಿರುವಿನಲ್ಲಿ ನಾನು ನೋಡುವ ಕಡೆಯೇ ಅಡ್ಡ ನಿಂತಿತ್ತು, ಒಂದು ಗೇಣು ಕೆಳಗಿಳಿಸಿ ಮತ್ತೆ ಕಟ್ಟಿದೆ. ಕನ್ನಡಿಯ ಪ್ಲಾಸ್ಟಿಕ್ ಕವರಿನ ಮುಂದಿನ ಅಂಚಿಗೆ ಉದ್ದಕ್ಕೆ ಸೀಳಿದ ರಬ್ಬರ್ ಹೋಸನ್ನು ಸಿಕ್ಕಿಸಿ ಅಂಟಿಸಿದ್ದೇನೆ. ಗೀರು, ಚಿಕ್ಕ ಪೆಟ್ಟು ಎಲ್ಲ ಅದರ ಪಾಲಿಗೆ.

ಬಂಪರ್ ಮೂಲೆಯಿಂದ ಛಾವಣಿಯ ಮೂಲೆಗೆ ಉಕ್ಕಿನ ಹಗ್ಗ ಎಳೆದು ಕಟ್ಟುವುದೂ ಉಂಟು. ಕಾಡುದಾರಿಯ ಜೀಪುಗಳಲ್ಲಿ ಕೊಂಬೆ ಆ ಹಗ್ಗ ಹತ್ತಿ ಮೇಲಕ್ಕೆ ಹೋಗುತ್ತದೆ. ನಾನೂ ಕಟ್ಟಿ ನೋಡಿದೆ. ಗಾಜಿಗೆ ಒಳ್ಳೆಯದೇ ಆಯಿತು, ಕನ್ನಡಿಗೆ ಏನೂ ಉಪಯೋಗವಿಲ್ಲ. ಕನ್ನಡಿ ಇರುವುದು ಕ್ಯಾಬಿನ್ನಿನ ಹೊರಗೆ, ಹಗ್ಗ ಇರುವುದು ಕ್ಯಾಬಿನ್ನಿನ ನೇರಕ್ಕೆ.

ಅಗಲದ ಲೆಕ್ಕದಲ್ಲಿ ನಾವು ಮರೆಯುವುದು ವಾಲುವಿಕೆಯನ್ನು. ಎದುರಿನ ಗಾಡಿಗೆ ಜಾಗ ಬಿಡಲು ಒಂದು ಬದಿಯ ಚಕ್ರವನ್ನು ಟಾರಿನ ಅಂಚಿನಿಂದ ಕೆಳಗಿಳಿಸುತ್ತೇವೆ. ಚಕ್ರಗಳ ನಡುವೆ 2 ಮೀಟರ್ ಇದ್ದು, ಒಂದು ಕಡೆ 10 ಸೆಂಟಿಮೀಟರ್ ಇಳಿಯಿತು ಎನ್ನಿ. ನೆಲದಿಂದ ಎರಡೂವರೆ ಮೀಟರ್ ಎತ್ತರದಲ್ಲಿರುವ ಕನ್ನಡಿ ಬೇಲಿಯ ಕಡೆಗೆ ಹನ್ನೆರಡೂವರೆ ಸೆಂಟಿಮೀಟರ್ ವಾಲುತ್ತದೆ, ಚಕ್ರದ ಮೇಲಿನ ಸ್ಪ್ರಿಂಗ್ ಪಟ್ಟಿ ಆ ಕಡೆ ಕುಗ್ಗುವುದು ಬೇರೆ. ಚಕ್ರ ಬೇಲಿಯಿಂದ ದೂರವೇ ಇದೆಯಲ್ಲ ಎಂದು ಕೆಳಗೆ ನೋಡುತ್ತಿರುತ್ತೇವೆ, ಮೇಲೆ ಕನ್ನಡಿ ಕೊಂಬೆಯೊಳಗೆ ಹೋಗಿರುತ್ತದೆ. ಮರದ ಕಾಂಡಕ್ಕೆ ಕನ್ನಡಿ ಒರಗಿಸಿದವರೆಲ್ಲ ಹೆಚ್ಚಾಗಿ ಹೀಗೇ ಒರಗಿಸಿರುತ್ತಾರೆ ಎಂಬುದು ನನ್ನ ಅನುಮಾನ. ಅಂಚಿಗೆ ಇಳಿಸಲೇಬೇಕಾದರೆ ಮೊದಲು ತಲೆಯೆತ್ತಿ ಮೇಲೆ ನೋಡಿ, ಮರವಿಲ್ಲದ ಜಾಗದಲ್ಲಿ ಇಳಿಸುತ್ತೇನೆ.

ಮಳೆ ಬಂದ ಮರುದಿನ ಅದೇ ದಾರಿ ಬೇರೆಯೇ ದಾರಿ. ನೀರು ಹಿಡಿದ ಸೊಪ್ಪಿನ ಭಾರಕ್ಕೆ ಕೊಂಬೆಗಳು ತಗ್ಗಿ, ನಿನ್ನೆ ಛಾವಣಿ ಸವರಿದ್ದು ಇವತ್ತು ಕನ್ನಡಿಯ ಎತ್ತರಕ್ಕೆ ಬಂದಿರುತ್ತದೆ. ಲೋಡು ಇಳಿಸಿ ಬರುವಾಗ ಲಾರಿಯೇ ತುಸು ಮೇಲೆದ್ದಿರುತ್ತದೆ, ಹೋಗುವಾಗ ತಪ್ಪಿದ ಕೊಂಬೆ ಬರುವಾಗ ಸಿಗುತ್ತದೆ. ಹೋದ ದಾರಿಯಲ್ಲೇ ತಾನೇ ಬರುತ್ತಿರುವುದು ಎಂಬ ಧೈರ್ಯ ನನಗೆ ಈಗ ಇಲ್ಲ.

ವೇಗದ ಮಾತು ಎಲ್ಲರಿಗೂ ಗೊತ್ತು, ಆದರೂ ಲೆಕ್ಕ ಹೇಳಿಬಿಡುತ್ತೇನೆ. ಹೊಡೆತದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 30 ಕಿ.ಮೀ. ಇದ್ದದ್ದನ್ನು 15ಕ್ಕೆ ಇಳಿಸಿದರೆ ಹೊಡೆತ ಅರ್ಧವಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಜಾಯಿಂಟು ಹದವಾಗಿದ್ದು ವೇಗವೂ 15ರೊಳಗಿದ್ದರೆ ಕೊಂಬೆ ಹೆಚ್ಚಾಗಿ ಕನ್ನಡಿಯನ್ನು ಮಡಚುತ್ತದೆ, ಒಡೆಯುವುದಿಲ್ಲ.

ಮೂರನೆಯ ಕನ್ನಡಿ ಹೋದದ್ದು ಎದುರಿನ ಲಾರಿಯ ಕನ್ನಡಿಗೆ ಬಡಿದು. ಇಬ್ಬರೂ ನಿಧಾನವಾಗಿಯೇ ಇದ್ದೆವು, 20ರಲ್ಲಿ ಅವರು, 20ರಲ್ಲಿ ನಾನು. ಕನ್ನಡಿಗಳಿಗೆ ಮಾತ್ರ ಅದು 40. ಈಗ ಎದುರು ದೊಡ್ಡ ಗಾಡಿ ಬಂದರೆ ನಾನು ಪೂರ್ತಿ ನಿಲ್ಲಿಸಿಬಿಡುತ್ತೇನೆ. ನಿಂತು, ಕಿಟಕಿಯಿಂದ ಕೈ ಚಾಚಿ ನನ್ನ ಬದಿಯ ಕನ್ನಡಿ ಮಡಚಿದರೆ ಎದುರಿನವರೂ ಮಡಚುತ್ತಾರೆ, ಹೇಳಬೇಕಾಗಿಲ್ಲ. ಅವರು ದಾಟಿದ ಮೇಲೆ ಕನ್ನಡಿ ಬಿಡಿಸಿಯೇ ಮುಂದಕ್ಕೆ.

ಹಾಗಾದರೆ ಇಡೀ ದಾರಿ ಕನ್ನಡಿ ಮಡಚಿಕೊಂಡೇ ಹೋಗಬಹುದಲ್ಲ ಎಂದು ಕೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕನ್ನಡಿ ಮಡಚಿದ ಬದಿ ನಮಗೆ ಕುರುಡು. ತೀರಾ ಇಕ್ಕಟ್ಟಾದ ಹತ್ತಿಪ್ಪತ್ತು ಮಾರು ದೂರಕ್ಕೆ ಮಾತ್ರ, ಆಚೆ ಬದಿಯದನ್ನು ಮಾತ್ರ, ಜೊತೆಗಾರ ಇಳಿದು ನನಗೆ ಕಾಣುವಂತೆ ಮುಂದೆ ನಡೆಯುತ್ತಿದ್ದರೆ ಮಾತ್ರ ಮಡಚುತ್ತೇನೆ. ಅವನು ಕಣ್ಣಿಗೆ ಮರೆಯಾದರೆ ಬ್ರೇಕು. ಒಬ್ಬನೇ ಇದ್ದರೆ ನಾನೇ ಇಳಿದು ನಡೆದು ನೋಡಿ ಬರುತ್ತೇನೆ. ಸೋಮಾರಿತನ ಬಿಟ್ಟರೆ ಇದಕ್ಕೆ ಬೇರೆ ಅಡ್ಡಿಯಿಲ್ಲ.

ಒಮ್ಮೆ ಮಡಚಿದ್ದನ್ನು ಬಿಡಿಸಲು ಮರೆತು ಹೆದ್ದಾರಿಗೇ ಬಂದುಬಿಟ್ಟೆ. ಬದಿ ಬದಲಿಸಲು ಕನ್ನಡಿ ನೋಡಿದರೆ ಅದರಲ್ಲಿ ನನ್ನದೇ ಬಾಗಿಲಿನ ಹಿಡಿ! ಎದೆ ಧಸಕ್ಕೆಂದಿತು. ಅಂದಿನಿಂದ ಕನ್ನಡಿ ಮಡಚುವಾಗ ಒಂದು ಕೆಂಪು ಬಟ್ಟೆಯನ್ನು ಸ್ಟೇರಿಂಗಿಗೆ ಕಟ್ಟುತ್ತೇನೆ. ಬಟ್ಟೆ ಬಿಚ್ಚಬೇಕಾದರೆ ಕನ್ನಡಿ ಬಿಡಿಸಿರಬೇಕು.

ಕೊಂಬೆ ಕಡಿಯುವ ವಿಷಯ. ಸೀಟಿನ ಕೆಳಗೆ ಮಡಚುವ ಕೈಗರಗಸವೊಂದಿದೆ. ಗಿಡದವರನ್ನು ಕೇಳಿಯೇ ಕೈ ಹಾಕುವುದು; ಕೇಳಿದರೆ ಬೇಡ ಎಂದವರು ಕಡಿಮೆ. ಕತ್ತರಿಸುವುದಾದರೆ ಕೊಂಬೆ ಕವಲೊಡೆಯುವ ಗಂಟಿನ ಹತ್ತಿರವೇ ಕತ್ತರಿಸುತ್ತೇನೆ, ಮೋಟು ಬಿಟ್ಟರೆ ಏನಾಗುತ್ತದೆ ಎಂದು ಮೊದಲೇ ಹೇಳಿದೆನಲ್ಲ. ವಿದ್ಯುತ್ ತಂತಿಯ ಹತ್ತಿರದ ಕೊಂಬೆಯನ್ನು ಮುಟ್ಟುವ ಮಾತೇ ಇಲ್ಲ. ಇನ್ನೊಂದು, ಬೇಲಿ ಸವರಿಕೊಂಡು ಹೋಗುವಾಗ ಆ ಬದಿಯ ಕಿಟಕಿ ಗಾಜು ಏರಿಸಿರಬೇಕು. ಕನ್ನಡಿ ಎಳೆದು ಬಿಟ್ಟ ರೆಂಬೆ ಚಾಟಿಯಂತೆ ಒಳಗೆ ಬರುತ್ತದೆ. ನನ್ನ ಜೊತೆಗಾರನ ಕೆನ್ನೆಯ ಮೇಲೆ ಅದರ ಬರೆ ಒಂದು ವಾರ ಇತ್ತು.

ಕನ್ನಡಿಯ ಬದಲು ಕ್ಯಾಮೆರಾ ಇರುವ ಲಾರಿಗಳೂ ಬಂದಿವೆ. 2018ರಲ್ಲಿ ತೋರಿಸಿದ ಮರ್ಸಿಡಿಸ್ ಬೆಂಜ್ ಆಕ್ಟ್ರೋಸ್‌ನಲ್ಲಿ ದೊಡ್ಡ ಕನ್ನಡಿಗಳ ಜಾಗದಲ್ಲಿ ಛಾವಣಿಯ ಅಂಚಿನಿಂದ ಚಾಚಿದ ಕ್ಯಾಮೆರಾ ತೋಳು, ಒಳಗೆ ಪರದೆ. ತೋಳು ಕನ್ನಡಿಗಿಂತ ಚಿಕ್ಕದು, ಅದೂ ಮಡಚುತ್ತದೆ. ಆದರೆ ಅದಿರುವುದು ಕೊಂಬೆಗಳ ಎತ್ತರದಲ್ಲೇ ಅಲ್ಲವೇ ಎಂಬ ನನ್ನ ಪ್ರಶ್ನೆಗೆ, ಅಂಥದ್ದನ್ನು ಹಳ್ಳಿದಾರಿಯಲ್ಲಿ ಓಡಿಸಿದವರೇ ಉತ್ತರ ಹೇಳಬೇಕು.

ಈ ಎಲ್ಲ ವ್ಯವಸ್ಥೆ ಮಾಡಿಕೊಂಡ ಮೇಲೂ ಬಿಡಿ ಗಾಜು ಜೊತೆಗಿರಬೇಕು, ಅದರಲ್ಲೂ ಉಬ್ಬು ಕನ್ನಡಿಯದು. ದೊಡ್ಡದಕ್ಕಿಂತ ಅದೇ ಮೊದಲು ಹೋಗುವುದು. ಬಿರುಕು ಮಾತ್ರ ಬಿಟ್ಟಿದ್ದರೆ ಅಗಲದ ಪಾರದರ್ಶಕ ಟೇಪನ್ನು ಸುಕ್ಕಿಲ್ಲದಂತೆ ಮೇಲಿಂದ ಕೆಳಕ್ಕೆ ಅಂಟಿಸಿ, ಚೂರು ಉದುರದ ಹಾಗೆ ನೋಡಿಕೊಂಡು ನಿಧಾನವಾಗಿ ಬದಲಾಯಿಸುವ ಜಾಗದವರೆಗೆ ತಲುಪುತ್ತೇನೆ. ವಿದ್ಯುತ್ತಿನಿಂದ ಬಿಸಿಯಾಗುವ ಕನ್ನಡಿಯಾದರೆ ಗಾಜಿನ ಹಿಂದೆ ಎರಡು ತಂತಿ ಇರುತ್ತವೆ, ಎಳೆಯುವ ಮೊದಲು ಅವನ್ನು ಬಿಡಿಸಬೇಕು.

ನಾನು ತಂದ ಮೊದಲ ಬಿಡಿ ಗಾಜನ್ನು ಹಳೆ ಕಂಬಳಿಯಲ್ಲಿ ಸುತ್ತಿ ಸೀಟಿನ ಹಿಂದೆ ಮಲಗಿಸಿಟ್ಟಿದ್ದೆ. ಎಂಟು ತಿಂಗಳು ಅದರ ಅಗತ್ಯವೇ ಬೀಳಲಿಲ್ಲ. ಒಂದು ದಿನ ಬೇಕಾಯಿತೆಂದು ಬಿಚ್ಚಿ ನೋಡಿದರೆ, ಯಾವಾಗಲೋ ಜ್ಯಾಕು ಉರುಳಿ ಬಿದ್ದು ಕಂಬಳಿಯೊಳಗೇ ನಾಲ್ಕು ಚೂರಾಗಿತ್ತು. ಈಗಿನದನ್ನು ಎರಡು ರಟ್ಟಿನ ನಡುವೆ ನಿಲ್ಲಿಸಿ ಕಟ್ಟಿದ್ದೇನೆ, ಜ್ಯಾಕು ಇನ್ನೊಂದು ಬದಿಯಲ್ಲಿದೆ.